ಅರೆಕಾಲು ಇಂಚಿನ ಅಂಚು

ಮಂಡ್ಯದ ಪೇಟೆ ಬೀದಿಯ ಬಟ್ಟೆ ಅಂಗಡಿಗಳಲ್ಲಿ ಕತ್ತರಿಗೆ ಅರ್ಧ ಕೆಲಸ ಮಾತ್ರ. ಎರಡು ಮೀಟರ್ ಕಾಟನ್ ಕೊಡಿ ಎನ್ನಿ. ಅಂಗಡಿಯವನು ಥಾನು ಬಿಚ್ಚಿ ಕಬ್ಬಿಣದ ಅಳತೆಕೋಲಿಗೆ ಹಿಡಿಯುತ್ತಾನೆ, ಅಂಚಿನಲ್ಲಿ ಕತ್ತರಿಯಿಂದ ಕಚಕ್ಕೆಂದು ಒಂದು ಕಚ್ಚು ಹಾಕುತ್ತಾನೆ, ಆಮೇಲೆ ಎರಡು ಕೈಯಲ್ಲಿ ಹಿಡಿದು ಪರ್ರನೆ ಎಳೆಯುತ್ತಾನೆ. ಬಟ್ಟೆ ಗೆರೆ ಎಳೆದಂತೆ ನೇರವಾಗಿ ಇಬ್ಭಾಗ. ಆ ಕಚ್ಚು ಹಾಕದೆ ಎಳೆದು ನೋಡಲಿ, ಜಟ್ಟಿಯಾದರೂ ಸುಸ್ತು.

ಚಿಕ್ಕಂದಿನಲ್ಲಿ ಅಮ್ಮನ ಸೆರಗು ಹಿಡಿದು ಆ ಅಂಗಡಿಗಳ ಮುಂದೆ ನಿಂತಿದ್ದಾಗ ನನಗೆ ಇದೊಂದು ಕಣ್ಕಟ್ಟು ಅನಿಸುತ್ತಿತ್ತು. ಕಣ್ಕಟ್ಟಿನ ಲೆಕ್ಕವನ್ನು ಚಾರ್ಲ್ಸ್ ಇಂಗ್ಲಿಸ್ ಎಂಬ ಬ್ರಿಟಿಷ್ ಇಂಜಿನಿಯರ್ 1913ರಲ್ಲೇ ಬರೆದಿಟ್ಟಿದ್ದ. ಅವನ ಚಿಂತೆ ಬಟ್ಟೆಯದ್ದಲ್ಲ, ಹಡಗಿನ ಉಕ್ಕಿನ ತಗಡಿನದು. ತಗಡಿನಲ್ಲಿ ಒಂದು ಬಿರುಕಿದ್ದರೆ ಎಳೆತವೆಲ್ಲ ಬಿರುಕಿನ ತುದಿಗೆ ಬಂದು ಗುಂಪಾಗುತ್ತದೆ, ತುದಿ ಚೂಪಾದಷ್ಟೂ ಗುಂಪು ದೊಡ್ಡದು ಎಂದು ತೋರಿಸಿದ. ಪೇಟೆ ಬೀದಿಯ ಕಚ್ಚು ಮಾಡುವುದೂ ಅದನ್ನೇ. ಇಡೀ ಅಗಲದ ಸಾವಿರಾರು ಎಳೆಗಳು ಒಟ್ಟಾಗಿ ಹೊರಬೇಕಾದ ಭಾರವನ್ನು ತುದಿಯಲ್ಲಿರುವ ನಾಲ್ಕೈದು ಎಳೆಗಳ ತಲೆಗೆ ಕಟ್ಟುತ್ತದೆ. ಅವು ತುಂಡಾದರೆ ಭಾರ ಮುಂದಿನ ನಾಲ್ಕೈದಕ್ಕೆ. ಹೀಗೆ ಸರದಿಯಲ್ಲಿ ಎಲ್ಲ ಎಳೆಗಳೂ ಸೋಲುತ್ತವೆ.

ಬಟ್ಟೆಯ ಸಾವು ಅಂಚಿನಿಂದ ಶುರು ಎಂಬುದು ಇಷ್ಟರಿಂದಲೇ ಗೊತ್ತಾಗುತ್ತದೆ. ಈ ಅಧ್ಯಾಯ ಆ ಅಂಚಿನದು. ಅದರಲ್ಲೂ ಕೌದಿಯ ಅಂಚಿಗೆ ಈಚೆಗೆ ಕೆಲವರು ಇಡುತ್ತಿರುವ, ಬೆರಳಿನ ಉಗುರಿಗಿಂತ ಕಿರಿದಾದ ಒಂದು ಬಣ್ಣದ ಪಟ್ಟಿಯದು. ಪಟ್ಟಿಗೆ ಹೋಗುವ ಮೊದಲು ಎಳೆಯ ಒಳಗೆ ಒಮ್ಮೆ ಇಣುಕಬೇಕು.

ಹತ್ತಿಯ ಒಂದು ನಾರು ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರ್ ಉದ್ದ. ಅಂಥ ಗಿಡ್ಡ ನಾರುಗಳಿಂದ ಮೈಲುಗಟ್ಟಲೆ ನೂಲು ಹೇಗೆ ಬರುತ್ತದೆ? ಅಂಟಿಲ್ಲ, ಗಂಟಿಲ್ಲ. ಹಗ್ಗದ ವಿಚಾರದಲ್ಲಿ ಇದೇ ಪ್ರಶ್ನೆಯನ್ನು ಗೆಲಿಲಿಯೊ 1638ರ ತನ್ನ ಪುಸ್ತಕದಲ್ಲಿ ಎತ್ತಿದ್ದಾನೆ. ಉತ್ತರ ಸುಮಾರಾಗಿ ಎಲ್ಲರಿಗೂ ಗೊತ್ತಿತ್ತು: ಹುರಿ ಹಾಕಿದಾಗ ನಾರುಗಳು ಒಂದನ್ನೊಂದು ಒತ್ತುತ್ತವೆ, ಒತ್ತಿದಲ್ಲಿ ಘರ್ಷಣೆ, ಘರ್ಷಣೆಯಿಂದ ಹಿಡಿತ. ಆದರೆ ಲೆಕ್ಕ ಪಕ್ಕಾ ಆಗಿದ್ದು ತೀರಾ ಈಚೆಗೆ. 2018ರಲ್ಲಿ ಪ್ಯಾಟ್ರಿಕ್ ವಾರೆನ್, ರಾಬಿನ್ ಬಾಲ್ ಮತ್ತು ರೇಮಂಡ್ ಗೋಲ್ಡ್‌ಸ್ಟೈನ್ ಎಂಬ ಮೂವರು ಭೌತವಿಜ್ಞಾನಿಗಳು, ಬಟ್ಟೆ ಯಾಕೆ ಉದುರಿಹೋಗುವುದಿಲ್ಲ ಎಂದೇ ಕೇಳಿಕೊಂಡು ಒಂದು ಪ್ರಬಂಧ ಬರೆದರು. ಘರ್ಷಣೆ ಒಂದು ಹದ ದಾಟಿದರೆ ಎಳೆದಷ್ಟೂ ನಾರುಗಳು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಹದದ ಕೆಳಗೆ ಇದ್ದರೆ ಜಾರಿ ಬರುತ್ತವೆ, ನಡುವೆ ಮೆಟ್ಟಿಲುಗಳಿಲ್ಲ ಎಂಬುದು ಅವರ ತೀರ್ಮಾನ. ನಿಮ್ಮ ಮೈಮೇಲಿನ ಅಂಗಿ ಅಂಗಿಯಾಗಿ ಉಳಿದಿರುವುದು ಸಣ್ಣಪುಟ್ಟ ಉಜ್ಜಾಟಗಳ ಒಟ್ಟು ಮೊತ್ತದಿಂದ.

ನೇಯ್ದ ಬಟ್ಟೆಗೂ ಅದೇ ನ್ಯಾಯ. ಹಾಸು ಮತ್ತು ಹೊಕ್ಕು ಅಡ್ಡಹಾಯುವ ಪ್ರತಿ ಜಾಗದಲ್ಲೂ ಒಂದಿಷ್ಟು ಹಿಡಿತ. ಬಟ್ಟೆಯ ನಡುವಿನ ಎಳೆಗೆ ಎರಡೂ ಕಡೆ ನೂರಾರು ಹಿಡಿತಗಳಿವೆ. ಕತ್ತರಿಸಿದ ಅಂಚಿನಲ್ಲಿ ಮಲಗಿದ ಕೊನೆಯ ಎಳೆಗೆ ಒಂದು ಮಗ್ಗುಲಲ್ಲಿ ನೆರೆಯವರು, ಇನ್ನೊಂದು ಮಗ್ಗುಲು ಬಯಲು. ಒಗೆಯುವ ಕಲ್ಲಿನ ಮೇಲೆ ನಾಲ್ಕು ಸಲ ಬಡಿದರೆ ಅದು ಕಳಚಿಕೊಳ್ಳುತ್ತದೆ. ಅದು ಹೋದರೆ ಅದರ ಪಕ್ಕದ್ದು ಕೊನೆಯದಾಗುತ್ತದೆ.

ನೇಕಾರರಿಗೆ ಇದು ಸಾವಿರಾರು ವರ್ಷಗಳಿಂದ ಗೊತ್ತು. ಮೇಲುಕೋಟೆಯ ಪಂಚೆಯನ್ನು ಕೈಯಲ್ಲಿ ಹಿಡಿದು ಕರೆಯನ್ನು ಬೆಳಕಿಗೆ ಒಡ್ಡಿ ನೋಡಿ. ಕೈಮಗ್ಗದಲ್ಲಿ ಲಾಳಿ ಬಲಕ್ಕೆ ಹೋಗಿ ಹಾಗೇ ತಿರುಗಿ ಎಡಕ್ಕೆ ಬರುತ್ತದೆ, ಹೊಕ್ಕಿನ ನೂಲು ಅಂಚನ್ನು ಸುತ್ತಿಕೊಂಡು ಮರಳುತ್ತದೆ. ತುಂಡಾದ ತುದಿಯೇ ಅಲ್ಲಿಲ್ಲ. ಸಾಲದ್ದಕ್ಕೆ ಅಂಚಿನ ಹಾಸನ್ನು ಒತ್ತಾಗಿ, ಬಣ್ಣದ ನೂಲಿನಲ್ಲಿ ಹೂಡುತ್ತಾರೆ. ನಾವು ಜರತಾರಿ ಅಂಚು, ಕೆಂಪಂಚು, ಗಂಡಂಚು ಎಂದೆಲ್ಲ ಕೊಂಡಾಡುವ ಅಲಂಕಾರದ ಅಡಿಗಲ್ಲು ಇಷ್ಟೇ: ಹೆಚ್ಚು ಎಳೆ, ಹೆಚ್ಚು ಹಿಡಿತ. ಈಗಿನ ದೊಡ್ಡ ಗಿರಣಿಗಳ ಲಾಳಿಯಿಲ್ಲದ ಮಗ್ಗಗಳಲ್ಲಿ ಗಾಳಿಯೋ ಲೋಹದ ಕಡ್ಡಿಯೋ ಹೊಕ್ಕನ್ನು ಒಂದೇ ದಿಕ್ಕಿನಲ್ಲಿ ಒಯ್ದು ಪ್ರತಿ ಸಲವೂ ತುಂಡರಿಸುತ್ತದೆ. ಆ ಬಟ್ಟೆಯ ಅಂಚಿನಲ್ಲಿ ಕುಚ್ಚಿನಂತೆ ಜುಂಜು ಎದ್ದಿರುವುದನ್ನು ಗಮನಿಸಿರುತ್ತೀರಿ. ಅಲ್ಲಿ ಬೇರೆ ನೂಲು ಹೆಣೆದು ಬಿಗಿ ಮಾಡಬೇಕು. ವೇಗಕ್ಕೆ ತೆತ್ತ ಬೆಲೆ.

ಕೌದಿಯ ಸಮಸ್ಯೆ ಇನ್ನೂ ಜಟಿಲ. ಅದು ಪೂರ್ತಿ ಕತ್ತರಿಸಿದ ಅಂಚುಗಳ ಒಕ್ಕೂಟ. ಹಳೆ ಸೀರೆ, ಪಂಚೆ, ಲಂಗದ ತುಂಡುಗಳನ್ನು ಪದರ ಪದರವಾಗಿ ಹಾಸಿ ಮೇಲಿಂದ ಕೆಳಗೆ ಸಾಲುಸಾಲಾಗಿ ಹೊಲಿಗೆ ಓಡಿಸುವುದು. ಉತ್ತರ ಕರ್ನಾಟಕದಲ್ಲಿ ಕೌದಿ ಎಂದರೆ ಮನೆಮನೆಯ ಮಾತು. ನಮ್ಮ ಕಡೆಯ ಹಳಬರು ಬೊಂತೆ ಎಂದೂ ಅನ್ನುತ್ತಿದ್ದರು. ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿ ಮಾಂಸಕ್ಕೆ ಹೆಸರಾದದ್ದೇ ಹೊರತು ಉಣ್ಣೆಗಲ್ಲ, ಹಾಗಾಗಿ ಆ ಹೆಸರಾಂತ ಕುರಿ ಚಳಿಗಾಲದಲ್ಲಿ ನಮ್ಮ ಹೊಟ್ಟೆಯನ್ನು ಬೆಚ್ಚಗೆ ಮಾಡಿದ್ದೇ ಹೆಚ್ಚು. ಮೈಮೇಲೆ ಹೊದೆಯಲು ಬೊಂತೆಯೇ.

ಕೌದಿಯ ನಾಲ್ಕು ಬದಿಯ ಪದರಗಳನ್ನು ಮುಚ್ಚಲು ಹೆಂಗಸರು ಹಳೆ ಸೀರೆಯ ಅಂಚನ್ನೇ ಉದ್ದಕ್ಕೆ ಹರಿದು ಸುತ್ತ ಕೊಡುವುದುಂಟು. ಸೀರೆಯ ಒಡಲು ಚಿಂದಿಯಾದ ಮೇಲೂ ಗಟ್ಟಿ ಉಳಿಯುವ ಭಾಗ ಅದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರದು ಇನ್ನೂ ಸೊಗಸು. ಅವರು ಕೌದಿಯನ್ನು ಅಂಚಿನಿಂದಲೇ ಹೊಲಿಯಲು ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ, ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಒಂದರ ಮೇಲೊಂದು ಕೂರಿಸಿದ ‘ಫೂಲ’ ಇಡುತ್ತಾರೆ. ಫೂಲ ಇಲ್ಲದ ಕೌದಿಯನ್ನು ಅವರು ಮುಗಿದ ಕೌದಿ ಎಂದು ಒಪ್ಪುವುದಿಲ್ಲ. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದ ಗೋಡೆಗಳನ್ನೂ ಏರಿದವು. ನೋಡಿದವರು ಹೂವನ್ನು ಮೆಚ್ಚಿದರು. ನಾನು ಮೆಚ್ಚುವುದು ಹೂವಿನ ಜಾಗವನ್ನು. ಕೌದಿಯನ್ನು ಕೊಡವುವಾಗ, ಎಳೆಯುವಾಗ, ಇಬ್ಬರು ಹಿಡಿದು ಹಿಂಡುವಾಗ ಕೈ ಹೋಗುವುದು ಮೂಲೆಗೆ. ಪದರ ಹೆಚ್ಚು ಬೇಕಾದದ್ದೂ ಅಲ್ಲೇ.

ಈಗ ಆ ಬಣ್ಣದ ಪಟ್ಟಿಯ ವಿಷಯ. ಅಮೆರಿಕದ ಕೌದಿಗಾರ್ತಿಯರು ಇದನ್ನು ಫ್ಲ್ಯಾಂಜ್ ಎನ್ನುತ್ತಾರೆ. ನಮ್ಮ ದರ್ಜಿಗಳನ್ನು ಕೇಳಿದರೆ ‘ಒಳಗೆ ದಾರ ಇಲ್ಲದ ಪೈಪಿಂಗ್’ ಎಂದಾರು. ಕೌದಿಯ ಮೈಗೂ ಅಂಚುಪಟ್ಟಿಗೂ ನಡುವೆ, ಮಡಿಸಿದ ಬಟ್ಟೆಯ ಕಿರುನಾಲಿಗೆಯೊಂದು ಹೊರಗೆ ಇಣುಕುತ್ತದೆ. ಒಂದು ಬದಿ ಹೊಲಿಗೆಯಲ್ಲಿ ಸಿಕ್ಕಿಕೊಂಡಿರುತ್ತದೆ, ಇನ್ನೊಂದು ಬದಿ ಬಿಡುವಾಗಿರುತ್ತದೆ.

ಫ್ಲ್ಯಾಂಜ್ ಎಂಬ ಪದ ನಮ್ಮ ಊರಿನವರಿಗೆ ಹೊಸದಲ್ಲ, ಪೈಪಿನ ಕೆಲಸದವರಿಗೂ ರೈಲ್ವೆಯವರಿಗೂ ಬಾಯಿಪಾಠ. ಮಂಡ್ಯದಿಂದ ಮದ್ದೂರಿಗೆ ಹೋಗುವ ರೈಲಿನ ಗಾಲಿಯ ಒಳಬದಿಯಲ್ಲಿ ಎದ್ದಿರುವ ಏಣು ಅದು. ಗಾಲಿ ಹಳಿ ತಪ್ಪದಂತೆ ಹಿಡಿದಿರುವುದು ಅದೇ ಎಂದು ನಂಬಿ ಪ್ರಯಾಣ ಮಾಡುತ್ತೇವೆ. ನಿಜದಲ್ಲಿ ಗಾಲಿಯ ಮೈಯನ್ನು ತುಸು ಇಳಿಜಾರಾಗಿ, ಶಂಕುವಿನ ಹಾಗೆ ಕಡೆದಿರುತ್ತಾರೆ. ಗಾಲಿ ಪಕ್ಕಕ್ಕೆ ಸರಿದರೆ ಆ ಇಳಿಜಾರೇ ಅದನ್ನು ನಡುವಿಗೆ ತರುತ್ತದೆ. ಏಣು ಹಳಿಗೆ ತಾಗುವುದು ಕಡಿದಾದ ತಿರುವುಗಳಲ್ಲಿ, ಕಷ್ಟಕಾಲದಲ್ಲಿ. ಕೌದಿಯ ಫ್ಲ್ಯಾಂಜೂ ಬಹುಪಾಲು ಸಮಯ ಸುಮ್ಮನೆ ಕೂತಿರುತ್ತದೆ. ಅದು ಬಟ್ಟೆಗೆ ಬಲ ಕೊಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೂ ಅದಕ್ಕೆ ಒಂದು ಕೆಲಸವಿದೆ. ನನಗೆ ಅದನ್ನು ಕಲಿಸಿದವರು ಮಳವಳ್ಳಿಯ ನನ್ನ ಚಿಕ್ಕವ್ವ.

ಚಿಕ್ಕವ್ವ ಎಂಟು ವರ್ಷ ಮದ್ದೂರಿನ ಕಡೆ ಗಾರ್ಮೆಂಟ್ಸ್‌ನಲ್ಲಿದ್ದವರು. ಬೆಳಕು ಹರಿಯುವ ಮೊದಲು ಬುತ್ತಿ ಕಟ್ಟಿಕೊಂಡು ವ್ಯಾನು ಹತ್ತಿ, ಕೆ.ಎಂ. ದೊಡ್ಡಿಯ ಕಬ್ಬಿನ ಗಾಡಿಗಳ ಹಿಂದೆ ನಿಂತು ನಿಂತು ಹೋಗಿ, ದಿನವಿಡೀ ಕಾಲರಿಗೆ ಪಟ್ಟಿ ಕೂರಿಸಿದವರು. ಈಗ ಮನೆಯಲ್ಲೇ ಮಿಷನ್ನು. ಬ್ಲೌಸು, ಫಾಲ್, ಪೀಕೋ, ಪುರಸೊತ್ತಿದ್ದರೆ ಬೊಂತೆ. ಮೊಮ್ಮಗುವಿಗೆಂದು ಹೊಲಿದಿದ್ದ ಒಂದು ಬೊಂತೆಗೆ ಅಂಚು ಕೊಡುತ್ತಿದ್ದಾಗ ನಾನು ಹೋಗಿ ನನ್ನ ಪಾಂಡಿತ್ಯ ತೋರಿಸಿದೆ. ಅಂಚುಪಟ್ಟಿ ನೀಲಿ, ನಡುವೆ ಕೆಂಪು ಫ್ಲ್ಯಾಂಜ್ ಅರೆಕಾಲು ಇಂಚು ಕಾಣಬೇಕು. ನೀಲಿ ಪಟ್ಟಿ ಒಂದೂವರೆ ಇಂಚು ಅಗಲ, ಕೆಂಪು ಅದಕ್ಕಿಂತ ಅರೆಕಾಲು ಇಂಚು ಹೆಚ್ಚು. ಎರಡನ್ನೂ ಉದ್ದಕ್ಕೆ ಕೂಡಿಸಿ ಹೊಲಿದು, ನಡುವೆ ಮಡಚಿ ಇಸ್ತ್ರಿ ಒತ್ತಿದರೆ ಕೆಂಪು ಹೊರಗಿಣುಕುತ್ತದೆ ಎಂದು ಲೆಕ್ಕ ಹಾಕಿ, ನಾನೇ ಕತ್ತರಿಸಿಯೂ ಕೊಟ್ಟೆ. ಒತ್ತಿ ನೋಡಿದರೆ ಕೆಂಪು ಕೂದಲೆಳೆಯಷ್ಟು ಕಂಡಿತು. ಹೊಲಿಗೆ ಬಿದ್ದರೆ ಅದೂ ಮಾಯ.

“ಮಡಿಸ್ದಾಗ ಎರಡ್ ಮಗ್ಗುಲು ಬರ್ತದಲ್ಲ ಮಗ, ಅದ್ನ ಯಾಕ್ಲಾ ಲೆಕ್ಕಕ್ಕೆ ತಕಂಡಿಲ್ಲ?” ಎಂದರು ಚಿಕ್ಕವ್ವ.

ಕಾಗದದ ಮೇಲೆ ಬರೆದರೆ ಹೀಗೆ. ಎರಡು ಪಟ್ಟಿಗಳನ್ನು ಕೂಡಿಸುವ ಹೊಲಿಗೆಗೆ ತಲಾ ಕಾಲು ಇಂಚು ಹೋಗುತ್ತದೆ. ಒಂದೂವರೆಯಲ್ಲಿ ಉಳಿದದ್ದು ಒಂದೂಕಾಲು. ಕೆಂಪನ್ನು ಒಂದೂಮುಕ್ಕಾಲು ಕತ್ತರಿಸಿದರೆ ಉಳಿಯುವುದು ಒಂದೂವರೆ. ಒಟ್ಟು ಎರಡೂಮುಕ್ಕಾಲು. ಅದರ ಅರ್ಧ ಒಂದು ಇಂಚು ಮತ್ತು ಮೂರು ಅರೆಕಾಲು. ಒಂದೂವರೆ ಇಂಚಿನ ಕೆಂಪಿನಲ್ಲಿ ಇಷ್ಟು ಹಿಂಬದಿಗೆ ಹೋದರೆ ಮುಂಬದಿಗೆ ಹೊರಳಿ ಬರುವುದು ಸರಿಯಾಗಿ ಅರೆಕಾಲು ಇಂಚು, ಎಂದರೆ 3 ಮಿಲಿಮೀಟರಿಗೆ ತುಸು ಮೇಲೆ. ಪಟ್ಟಿಗಳ ಅಗಲದ ವ್ಯತ್ಯಾಸ ಎಷ್ಟೋ ಅದರ ಅರ್ಧ ಮಾತ್ರ ಕಣ್ಣಿಗೆ. ನಾನು ಅರೆಕಾಲು ಬಿಟ್ಟಿದ್ದೆ, ಸಿಕ್ಕಿದ್ದು ವೀಸ.

ಹೊಸದಾಗಿ ಕತ್ತರಿಸಿದ ಪಟ್ಟಿಯನ್ನು ಚಿಕ್ಕವ್ವ ಬೊಂತೆಯ ಹಿಂಬದಿಗೆ ಇಟ್ಟರು, ಎರಡೂ ಬಣ್ಣ ಕಾಣುವ ಮಗ್ಗುಲು ಕೆಳಮುಖ. ಸುತ್ತ ಒಂದು ಹೊಲಿಗೆ ಹಾಕಿ ಪಟ್ಟಿಯನ್ನು ಮುಂದಕ್ಕೆ ಹೊರಳಿಸಿದರು. ಕೆಂಪು ಒಳಗೆ, ನೀಲಿ ಹೊರಗೆ. ಕೆಂಪು ದಾರ ಪೋಣಿಸಿ, ಎರಡು ಬಣ್ಣ ಕೂಡುವ ಸಣ್ಣ ಕಾಲುವೆಯಲ್ಲೇ ಸೂಜಿ ಬೀಳುವಂತೆ ಸುತ್ತ ಓಡಿಸಿದರು. ಹೊಲಿಗೆ ಕಾಲುವೆಯಲ್ಲಿ ಮುಳುಗಿತು. ಎಡ ಅಂಗೈಯನ್ನು ಬಟ್ಟೆಯ ಮೇಲೆ ಚಪ್ಪಟೆ ಇಟ್ಟು, ಹೆಬ್ಬೆರಳಿನಲ್ಲಿ ಮಾತ್ರ ಕೆಂಪು ನಾಲಿಗೆಯನ್ನು ಹಿಂದಕ್ಕೆ ಸರಿಸುತ್ತಿದ್ದರು, ಕಣ್ಣು ಸೂಜಿಯ ಮೇಲಲ್ಲ, ಅದಕ್ಕಿಂತ ಒಂದಿಂಚು ಮುಂದೆ. ಸಾಮಾನ್ಯವಾಗಿ ಅಂಚುಪಟ್ಟಿಯ ಎರಡನೆಯ ಬದಿಯನ್ನು ಕೈಯಲ್ಲಿ ಹೆಮ್ಮಿಂಗ್ ಮಾಡಬೇಕು, ಇಲ್ಲದಿದ್ದರೆ ಮಿಷನ್ನಿನ ಹೊಲಿಗೆ ಮೇಲೆದ್ದು ಕಾಣುತ್ತದೆ. ಐದಡಿಗೆ ಏಳಡಿ ಬೊಂತೆಯ ಸುತ್ತಳತೆ 24 ಅಡಿ. ಅಷ್ಟುದ್ದ ಕೈಹೊಲಿಗೆ ಎಂದರೆ ಎರಡು ಸಂಜೆ ಹೋದವು. ಅಲಂಕಾರ ಎಂದು ಹೆಸರು ಹೊತ್ತ ಪಟ್ಟಿ ಸದ್ದಿಲ್ಲದೆ ಆ ಎರಡು ಸಂಜೆಗಳನ್ನು ಉಳಿಸುತ್ತದೆ. ಅದರ ಕೆಲಸ ಇದು.

ಸುತ್ತಳತೆಯ ಮಾತು ಬಂದದ್ದಕ್ಕೆ ಇನ್ನೊಂದು ತೊಡಕನ್ನೂ ಹೇಳಬೇಕು. 24 ಅಡಿ ಎಂದರೆ 288 ಇಂಚು. ಹೊಲಿಯುವಾಗ ಪಟ್ಟಿ ನೂರಕ್ಕೆ ಒಂದರಷ್ಟು ಹಿಗ್ಗಿದರೂ ಸುಮಾರು ಮೂರಿಂಚು ವ್ಯತ್ಯಾಸ. ಪಟ್ಟಿ ಉದ್ದವಾಗಿ ಬಟ್ಟೆ ಗಿಡ್ಡವಾದರೆ ಅಂಚು ಅಲೆಅಲೆಯಾಗಿ ಏಳುತ್ತದೆ. ಹಾಲಿನ ಪ್ಲಾಸ್ಟಿಕ್ ಕವರನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಹರಿದಾಗ ಅಂಚು ಸುಕ್ಕುಸುಕ್ಕಾಗುತ್ತದಲ್ಲ, ಅದೇ. ಹರಿಯುವಾಗ ಅಂಚು ಮಾತ್ರ ಹಿಗ್ಗಿ ಹಾಗೇ ಉಳಿಯುತ್ತದೆ, ಒಳಗಿನ ಪ್ಲಾಸ್ಟಿಕ್ ಹಿಗ್ಗಿರುವುದಿಲ್ಲ. ಹೆಚ್ಚಿಗೆ ಉದ್ದಕ್ಕೆ ಸಮತಟ್ಟಿನಲ್ಲಿ ಜಾಗವಿಲ್ಲ, ಅದು ಮೇಲೆ ಕೆಳಗೆ ಬಳುಕುತ್ತದೆ. ಎರಾನ್ ಶರೋನ್, ಹ್ಯಾರಿ ಸ್ವಿನಿ ಮತ್ತು ಸಂಗಡಿಗರು 2002ರಲ್ಲಿ ಇಂಥ ಹರಿದ ಹಾಳೆಗಳನ್ನೇ ಅಳೆದು, ದೊಡ್ಡ ಅಲೆಯ ಮೇಲೆ ಸಣ್ಣ ಅಲೆ, ಅದರ ಮೇಲೆ ಇನ್ನೂ ಸಣ್ಣ ಅಲೆ ಕೂತಿರುವುದನ್ನು ತೋರಿಸಿದರು. ಕೆಲವು ಸೊಪ್ಪಿನ ಎಲೆಗಳ ಅಂಚು ಸುರುಳಿಯಾಗಿರುವುದಕ್ಕೂ ಇದೇ ಕಾರಣ ಸಾಕು: ಅಂಚು ನಡುವಿಗಿಂತ ಜಾಸ್ತಿ ಬೆಳೆದಿದೆ.

ಆದ್ದರಿಂದ ಫ್ಲ್ಯಾಂಜಿನ ಪಟ್ಟಿಯನ್ನು ಕ್ರಾಸ್ ಕತ್ತರಿಸಬಾರದು. ಕ್ರಾಸ್ ಎಂದರೆ ಹಾಸು ಹೊಕ್ಕುಗಳಿಗೆ 45 ಡಿಗ್ರಿ ಓರೆ. ಆ ದಿಕ್ಕಿನಲ್ಲಿ ಎಳೆದರೆ ಎಳೆಗಳು ಹಿಗ್ಗಬೇಕಿಲ್ಲ, ಚೌಕಗಳು ವಾಲಿ ವಜ್ರದ ಆಕಾರವಾದರೆ ಸಾಕು, ಬಟ್ಟೆ ರಬ್ಬರಿನಂತೆ ಬರುತ್ತದೆ. ಕುತ್ತಿಗೆಯ ಪೈಪಿಂಗ್‌ಗೆ ಕ್ರಾಸ್ ಪಟ್ಟಿಯೇ ಆಗಬೇಕು, ಬಾಗಬೇಕಲ್ಲ. ಕೌದಿಯ ನೇರ ಅಂಚಿಗೆ ಅದು ಶತ್ರು. ಹಾಸಿನ ಗುಂಟ ಕತ್ತರಿಸಿದ ಪಟ್ಟಿ ಎಲ್ಲಕ್ಕಿಂತ ಕಡಿಮೆ ಹಿಗ್ಗುತ್ತದೆ, ಯಾಕೆಂದರೆ ಮಗ್ಗದಲ್ಲಿ ಬಿಗಿದು ಕಟ್ಟಿದ್ದು ಹಾಸನ್ನೇ. ಎರಡು ಮೀಟರ್ ಬಟ್ಟೆಯಿಂದ ಉದ್ದಕ್ಕೆ ನಾಲ್ಕು ಪಟ್ಟಿ ತೆಗೆದರೆ ಸುಮಾರು 315 ಇಂಚು ಸಿಗುತ್ತದೆ, ಜೋಡಣೆಗೆ ಹೋಗಿಯೂ ಸಾಕಾಗುತ್ತದೆ.

ಮಡಿಸಿದ ಪಟ್ಟಿ ಅಂಚಿಗೆ ಬಿಗುವನ್ನೂ ಕೊಡುತ್ತದೆ. ಒಂದರ ಮೇಲೊಂದು ಜಾರಾಡುವ ನಾಲ್ಕು ಪದರಗಳನ್ನು ಬಗ್ಗಿಸಲು ಒಂದು ಪದರದ ನಾಲ್ಕರಷ್ಟು ಬಲ ಸಾಕು. ಅವೇ ನಾಲ್ಕು ಅಂಟಿ ಒಂದೇ ಹಲಗೆಯಾದರೆ 64ರಷ್ಟು ಬೇಕು, ಬಿಗುವು ದಪ್ಪದ ಘನದಂತೆ ಏರುವುದರಿಂದ. ಹೊಲಿದ ಅಂಚು ಈ ಎರಡರ ನಡುವೆ ಎಲ್ಲೋ ಇರುತ್ತದೆ. ಹೊಲಿಗೆಯ ಸಾಲು ಒತ್ತಾದಷ್ಟೂ ಹಲಗೆಯ ಕಡೆಗೆ. ಮಗು ಹೊದೆಯುವ ಬೊಂತೆಗೆ ಅತಿ ಒತ್ತಾದ ಹೊಲಿಗೆ ಬೇಡ ಎನ್ನುವ ಹೆಂಗಸರ ಮಾತಿನಲ್ಲಿ ಈ ಘನ ಅಡಗಿದೆ.

ಇನ್ನು ಕಣ್ಣು. ಬರೀ 3 ಮಿಲಿಮೀಟರಿನ ಕೆಂಪು ಇಡೀ ಬೊಂತೆಗೆ ಕಳೆ ತಂದದ್ದು ಹೇಗೆ? ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ 1824ರಲ್ಲಿ ಮುಖ್ಯಸ್ಥನಾಗಿ ಬಂದ ರಸಾಯನವಿಜ್ಞಾನಿ ಮಿಶೆಲ್ ಶೆವ್ರೊಲ್‌ಗೆ ಒಂದು ದೂರು ಕಾದಿತ್ತು: ಇಲ್ಲಿಯ ಕಪ್ಪು ಬಣ್ಣ ಮಂಕು. ಆತ ಬಣ್ಣವನ್ನೆಲ್ಲ ಪರೀಕ್ಷಿಸಿದ, ಕಪ್ಪಿನಲ್ಲಿ ದೋಷ ಸಿಗಲಿಲ್ಲ. ದೋಷ ಪಕ್ಕದ ನೀಲಿ, ನೇರಳೆ ನೂಲುಗಳದು. ಒಂದು ಬಣ್ಣ ತನ್ನ ನೆರೆಯ ಬಣ್ಣವನ್ನು ನಮ್ಮ ಕಣ್ಣಿನಲ್ಲೇ ಬದಲಿಸಿಬಿಡುತ್ತದೆ ಎಂದು ಆತ 1839ರಲ್ಲಿ ದೊಡ್ಡ ಪುಸ್ತಕ ಬರೆದ. (102 ವರ್ಷ ಬದುಕಿದ್ದ, ಬರೆಯಲು ಅವಸರವೇನಿರಲಿಲ್ಲ.) ಕಣ್ಣಿಗೆ ಬೇಕಾದದ್ದು ಬಣ್ಣಕ್ಕಿಂತ ಬಣ್ಣಗಳ ಗಡಿ. ನೆರೆಯ ಸಂವೇದಕ ಕೋಶಗಳು ಒಂದನ್ನೊಂದು ತಗ್ಗಿಸುವುದರಿಂದ ಗಡಿ ಇದ್ದದ್ದಕ್ಕಿಂತ ಹೆಚ್ಚು ಎದ್ದು ಕಾಣುತ್ತದೆ. ಹಾರ್ಟ್‌ಲೈನ್ ಎಂಬಾತ ಇದನ್ನು ಕುದುರೆಲಾಳ ಏಡಿಯ ಕಣ್ಣಿನಲ್ಲಿ ಕಂಡುಹಿಡಿದದ್ದಕ್ಕೆ 1967ರಲ್ಲಿ ನೊಬೆಲ್ ಪಡೆದ. ಫ್ಲ್ಯಾಂಜ್ ಇಲ್ಲದ ಅಂಚಿನಲ್ಲಿ ಒಂದು ಗಡಿ. ಇದ್ದರೆ ಎರಡು, ಜೊತೆಗೆ ಬಿಡುವಾಗಿ ಎದ್ದ ನಾಲಿಗೆಯ ತೆಳು ನೆರಳು.

ಹಾಗೆಂದು ಯಾವ ಬಣ್ಣವಾದರೂ ನಡೆಯುವುದಿಲ್ಲ. ನಮ್ಮ ಅಕ್ಷಿಪಟಲದ ನಟ್ಟನಡುವೆ ಒಂದು ಪುಟ್ಟ ಜಾಗದಲ್ಲಿ ನೀಲಿಯನ್ನು ಹಿಡಿಯುವ ಶಂಕುಕೋಶಗಳೇ ಇಲ್ಲ. ಒಂದು ಮೀಟರ್ ಆಚೆ ನಿಂತು ನೋಡಿದರೆ 3 ಮಿಲಿಮೀಟರ್ ಅಗಲದ ಪಟ್ಟಿಯ ಬಿಂಬ ಆ ಜಾಗದೊಳಗೇ ಅಡಗುತ್ತದೆ. ಕಡುನೀಲಿ ಪಟ್ಟಿ ಕಪ್ಪಿನಂತೆ, ತಿಳಿಹಳದಿ ಬಿಳಿಯಂತೆ ಕಂಡೀತು. ಕೆಂಪು, ಹಸಿರಿಗೆ ಈ ತೊಂದರೆಯಿಲ್ಲ. ಸಪೂರ ಅಂಚಿಗೆ ಕೆಂಪನ್ನೇ ಆರಿಸುವವರ ಕಣ್ಣು ಸರಿಯಾಗಿಯೇ ಆರಿಸಿದೆ. ಹತ್ತು ಮೀಟರ್ ದೂರ ಹೋದರೆ ಆ ಪಟ್ಟಿ ಒಂದು ಡಿಗ್ರಿಯ ಅರುವತ್ತರಲ್ಲಿ ಒಂದು ಭಾಗ, ಸಾಧಾರಣ ಕಣ್ಣಿನ ಎಲ್ಲೆ. ಬೀದಿಯಾಚೆ ಒಣಹಾಕಿದ ಬೊಂತೆಯಲ್ಲಿ ಚಿಕ್ಕವ್ವನ ಕೆಂಪು ಕಾಣದು, ಆದರೆ ಹೊದ್ದು ಮಲಗಿದ ಮಗುವಿನ ಮೂಗಿನ ಮುಂದೆ ಸದಾ ಇರುತ್ತದೆ.

ಕೆಂಪಿನ ಕಷ್ಟ ಬೇರೆ. ಅದು ಬಣ್ಣ ಬಿಡುತ್ತದೆ. 1956ರಲ್ಲಿ ಬ್ರಿಟನ್ನಿನ ಐ.ಸಿ.ಐ. ಕಂಪನಿ ಪ್ರೊಸಿಯಾನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಬಗೆಯ ಬಣ್ಣಗಳು ಹತ್ತಿಯ ನಾರಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ, ಒಗೆದರೂ ಹೋಗವು. ಅಗ್ಗದ ಬಟ್ಟೆಯ ಬಣ್ಣ ಹಲವು ಸಲ ನಾರಿಗೆ ಸುಮ್ಮನೆ ಅಂಟಿಕೊಂಡಿರುತ್ತದೆ, ನೀರು ಕಂಡರೆ ಹೊರಟುಬಿಡುತ್ತದೆ. ಅಂಗಡಿಯಲ್ಲಿ ನೋಡಿ ಹೇಳಲು ಬರುವುದಿಲ್ಲ. ಸಾಲದ್ದಕ್ಕೆ ಹೊಸ ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಹತ್ತಾರು ಸಲ ಒಗೆದ ಹಳೆ ಸೀರೆ ಕುಗ್ಗುವುದು ಮುಗಿದಿರುತ್ತದೆ. ಹಳೆ ಬೊಂತೆಗೆ ಹೊಸ ಪಟ್ಟಿ ಕೊಟ್ಟರೆ ಅಂಚು ಸುರುಟಿಕೊಳ್ಳುವುದು ಇದರಿಂದ.

ನೀವು ಹೊಲಿಯುವುದಾದರೆ, ಕೆಂಪು ಬಟ್ಟೆಯನ್ನು ಕತ್ತರಿಸುವ ಮೊದಲು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಹಿಂಡಿ, ಬಿಳಿ ಚಿಂದಿಯೊಂದನ್ನು ಅದರ ಮೇಲೆ ಒತ್ತಿ ನೋಡಿ. ಚಿಂದಿ ಕೆಂಪಾದರೆ ಇನ್ನೊಂದು ರಾತ್ರಿ ನೆನೆಯಲಿ. ಆಮೇಲೂ ಕೆಂಪಾದರೆ ಆ ಬಟ್ಟೆ ಬೇಡ, ಹಸಿರು ತನ್ನಿ.